ಭೂಮಿ ನಡುಗುವ ಮೊದಲಿನ ಕೆಲ ಸೆಕೆಂಡು, ನಡುಗಿ ನಿಂತ ಮೇಲಿನ ಕೆಲ ದಿನ

ಮಾತು ಶುರು ಮಾಡುವ ಮೊದಲು ಸಭೆಯಲ್ಲಿ ಒಂದು ಚಿಕ್ಕ ಆಟ ಆಡಿಸಿದೆ. "ಈಗ ಸೈರನ್ ಹೊಡೆದಿದೆ ಅಂದುಕೊಳ್ಳಿ. ಇನ್ನು ಹತ್ತು ಸೆಕೆಂಡಿಗೆ ನೆಲ ಅಲ್ಲಾಡುತ್ತದೆ. ಏನು ಮಾಡ್ತೀರಿ?" ಒಬ್ಬರು ಓಡ್ತೀನಿ ಅಂದರು. ಇನ್ನೊಬ್ಬರು ಮೊದಲು ಫೋನ್ ಹುಡುಕ್ತೀನಿ ಅಂದರು. ಹಿಂದಿನ ಸಾಲಿನಿಂದ ಯಾರೋ, "ಯಾವ ಬಾಗಿಲು ಅಂತ ಯೋಚನೆ ಮಾಡೋದ್ರಲ್ಲೇ ಮುಗಿದುಹೋಗತ್ತೆ ಸಾರ್" ಅಂದರು. ಸರಿ, ನೋಡೇಬಿಡೋಣ ಅಂತ ಒಂದರಿಂದ ಹತ್ತರವರೆಗೆ ಜೋರಾಗಿ ಎಣಿಸಿದೆ. ಅಷ್ಟರಲ್ಲಿ ನಾಲ್ಕೈದು ಜನ ಕುರ್ಚಿ ಬಿಟ್ಟು ಎದ್ದಿದ್ದರು, ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡಿದ್ದರು, ಬಾಗಿಲು ಮುಟ್ಟಿದವರು ಯಾರೂ ಇಲ್ಲ.

ಹಾಗಾದರೆ ಇಂಥ ಹತ್ತು ಸೆಕೆಂಡು ಗಳಿಸುವುದಕ್ಕೆ ದೇಶದೇಶಗಳು ನೆಲದ ಅಲುಗಾಟ ಹಿಡಿಯುವ ಸೆನ್ಸರುಗಳನ್ನು ಯಾಕಿಷ್ಟು ಹೂಳುತ್ತಿವೆ? ಅದನ್ನು ಹೇಳುತ್ತೇನೆ. ಆದರೆ ನನಗೆ ಜಾಸ್ತಿ ಆಸಕ್ತಿ ಇರುವುದು ಅದರ ನಂತರದ ಪ್ರಶ್ನೆಯಲ್ಲಿ. ನಡುಕ ನಿಂತಿದೆ. ಎಲ್ಲರೂ ಬೀದಿಯಲ್ಲಿ ನಿಂತು ತಮ್ಮ ಕಟ್ಟಡದ ಕಡೆ ಕತ್ತೆತ್ತಿ ನೋಡುತ್ತಿದ್ದಾರೆ. ಗೋಡೆಯಲ್ಲಿ ಒಂದೆರಡು ಬಿರುಕು ಕಾಣುತ್ತಿದೆ. ಒಳಗೆ ಹೋಗಬಹುದಾ, ಬೇಡವಾ? ಯಾರನ್ನು ಕೇಳುವುದು? ಊರಿನ ಎಂಜಿನಿಯರುಗಳಿಗೆಲ್ಲ ಆವತ್ತು ಇದೇ ಫೋನು, ಅವರು ನಿಮ್ಮ ಕಟ್ಟಡಕ್ಕೆ ಬರುವುದು ನಾಳೆಯೋ, ಮುಂದಿನ ವಾರವೋ.

ಎರಡು ಕೆಲಸಕ್ಕೂ ಬೇಕಾಗುವುದು ಹೆಚ್ಚುಕಡಿಮೆ ಒಂದೇ ಜಾತಿಯ ಸೆನ್ಸರ್. ಮೊದಲನೆಯದಕ್ಕೆ ಅದು ಸೆಕೆಂಡುಗಳಲ್ಲಿ ಬಾಯಿ ಬಿಡಬೇಕು. ಎರಡನೆಯದಕ್ಕೆ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುತ್ತಾ ಕೂತಿರಬೇಕು.

ತಂತಿ ಮೊದಲು, ನಡುಕ ಆಮೇಲೆ

ಮೊದಲೇ ಒಂದು ಗೊಂದಲ ಬಿಡಿಸಿಕೊಳ್ಳೋಣ. ಇದು ಭೂಕಂಪದ ಭವಿಷ್ಯ ಹೇಳುವ ಕೆಲಸ ಅಲ್ಲ. ನಾಳೆ ಇಂಥ ಕಡೆ ಇಷ್ಟು ದೊಡ್ಡದು ಆಗುತ್ತದೆ ಅಂತ ಹೇಳುವ ವಿದ್ಯೆ ಇವತ್ತಿಗೂ ಯಾರ ಹತ್ತಿರವೂ ಇಲ್ಲ. ಮುನ್ನೆಚ್ಚರಿಕೆ ಅಂದರೆ ಭೂಕಂಪ ಆಗಲೇ ಶುರುವಾಗಿದೆ, ಅದು ನಿಮ್ಮ ತನಕ ಬರುವ ಮೊದಲು ಸುದ್ದಿ ಬರುತ್ತದೆ, ಅಷ್ಟೇ.

ಯೋಚನೆ ಹಳೆಯದೇ. 1868ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೇವರ್ಡ್ ಅನ್ನುವ ಭೂಮಿಯೊಳಗಿನ ಬಿರುಕಿನಲ್ಲಿ ದೊಡ್ಡ ಭೂಕಂಪ ಆಯಿತು. ಮುಂದಿನ ತಿಂಗಳು ಜೆ. ಡಿ. ಕೂಪರ್ ಅನ್ನುವ ವೈದ್ಯರು ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಗೆ ಬರೆದರು: ಊರಿನಿಂದ ದೂರದಲ್ಲಿ ನೆಲದ ಅಲುಗಾಟ ಹಿಡಿಯುವ ಸಾಧನ ಇಡೋಣ, ಅದು ಅಲುಗಿದರೆ ಟೆಲಿಗ್ರಾಫ್ ತಂತಿಯಲ್ಲಿ ವಿದ್ಯುತ್ ಹರಿದು ಊರ ನಡುವೆ ಒಂದು ದೊಡ್ಡ ಗಂಟೆ ಹೊಡೆಯಲಿ. ತಂತಿಯ ಸುದ್ದಿ ನೆಲದ ಅಲೆಗಿಂತ ಚುರುಕು, ಅಲ್ವಾ? ಆಗ ಯಾರೂ ಅದನ್ನು ಕಟ್ಟಲಿಲ್ಲ. ಈಗ ನಾವು ಕಟ್ಟುತ್ತಿರುವುದೂ ಅದೇ ಗಂಟೆ, ಜೊತೆಗೆ ಕಂಪ್ಯೂಟರ್ ಸೇರಿದೆ.

ಕೂಪರ್ ಕಾಲಕ್ಕೆ ಸಿಗದಿದ್ದ ಇನ್ನೊಂದು ಅನುಕೂಲ ನಮಗಿದೆ. ಭೂಕಂಪ ಎರಡು ಕಂತಿನಲ್ಲಿ ಬರುತ್ತದೆ. ಮೊದಲು ಬರುವ ಪಿ ಅಲೆ ನೆಲವನ್ನು ಹಿಂದೆಮುಂದೆ ಒತ್ತುತ್ತಾ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ಓಡುತ್ತದೆ. ಅದರಲ್ಲಿ ಕಸುವು ಕಮ್ಮಿ. ಎಷ್ಟೋ ಸಲ ನಾಯಿಗೆ ಗೊತ್ತಾಗುತ್ತದೆ, ನಮಗೆ ಗೊತ್ತಾಗುವುದಿಲ್ಲ. ಹಿಂದೆ ಬರುವ ಎಸ್ ಅಲೆ ಸೆಕೆಂಡಿಗೆ ಸುಮಾರು ಮೂರೂವರೆ ಕಿಲೋಮೀಟರ್. ಅದು ನೆಲವನ್ನು ಅಡ್ಡಡ್ಡ ಕುಲುಕುತ್ತದೆ. ಕಟ್ಟಡ ಕೆಡವುವುದು ಈ ಎರಡನೆಯದು. ಅಂದರೆ ಮೊದಲ ಕಂತನ್ನು ಹಿಡಿದು ಎರಡನೆಯದರ ಅಂದಾಜು ಮಾಡಬೇಕು.

ಲೆಕ್ಕ ಹಾಕಿ ನೋಡೋಣ. ಭೂಕಂಪ ಶುರುವಾದ ಜಾಗಕ್ಕೆ 15 ಕಿಲೋಮೀಟರ್ ದೂರದಲ್ಲಿ ಒಂದು ಸೆನ್ಸರ್ ಇದೆ. ಪಿ ಅಲೆ ಅದನ್ನು ಮುಟ್ಟಲು ಎರಡೂವರೆ ಸೆಕೆಂಡು. ಇದು ನಿಜವಾದ ಭೂಕಂಪವೇ, ಎಷ್ಟು ದೊಡ್ಡದು ಅಂತ ತೀರ್ಮಾನ ಮಾಡಲು ಅಲೆಯ ಮೊದಲ ಮೂರ್ನಾಲ್ಕು ಸೆಕೆಂಡು ನೋಡಬೇಕು. ಸುದ್ದಿ ಹೋಗಿ ಸೈರನ್ ಹೊಡೆಯಲು ಇನ್ನೊಂದೆರಡು. ಒಟ್ಟು ಎಂಟು ಸೆಕೆಂಡು ಅಂತಿಟ್ಟುಕೊಳ್ಳಿ. 100 ಕಿಲೋಮೀಟರ್ ದೂರದ ಊರಿಗೆ ಎಸ್ ಅಲೆ ಬರುವುದು 29ನೇ ಸೆಕೆಂಡಿಗೆ. ಅವರಿಗೆ ಇಪ್ಪತ್ತು ಸೆಕೆಂಡು ಸಿಕ್ಕಿತು, ಭಾಗ್ಯವಂತರು. ಆದರೆ 20 ಕಿಲೋಮೀಟರ್ ದೂರದ ಊರಿಗೆ ಅದು ಆರನೇ ಸೆಕೆಂಡಿಗೇ ಬಂದುಬಿಟ್ಟಿದೆ. ಸೈರನ್ ಹೊಡೆಯುವ ಹೊತ್ತಿಗೆ ಅಲ್ಲಿ ಕಪಾಟು ಬಿದ್ದಾಗಿದೆ.

ಇದನ್ನು ಕುರುಡು ವಲಯ ಅನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಸುತ್ತ 28 ಕಿಲೋಮೀಟರ್. ಯಾವ ಜಾಗದಲ್ಲಿ ಅಲುಗಾಟ ಅತಿ ಜೋರೋ ಅಲ್ಲಿಗೇ ಎಚ್ಚರಿಕೆ ತಲುಪುವುದಿಲ್ಲ. ಈ ವ್ಯವಸ್ಥೆಯ ಹುಟ್ಟುದೋಷ ಅದು, ಮುಚ್ಚಿಡುವುದರಲ್ಲಿ ಅರ್ಥ ಇಲ್ಲ. ಸೆನ್ಸರುಗಳನ್ನು ಒತ್ತೊತ್ತಾಗಿ ಹಾಕಿದರೆ ವಲಯ ಕಿರಿದಾಗುತ್ತದೆ, ಪೂರ್ತಿ ಹೋಗುವುದಿಲ್ಲ. 2004ರಲ್ಲಿ ಜಪಾನಿನ ನೀಗಾಟದಲ್ಲಿ ಭೂಕಂಪ ಆದಾಗ ಸುಮಾರು 200 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದ ಶಿಂಕಾನ್ಸೆನ್ ಬುಲೆಟ್ ರೈಲು ಹಳಿ ತಪ್ಪಿತು. ಆ ರೈಲುಗಳ ಎಚ್ಚರಿಕೆ ವ್ಯವಸ್ಥೆ ಜಗತ್ತಿಗೇ ಮಾದರಿ. ಆದರೆ ಭೂಕಂಪ ಆ ಹಳಿಯ ಪಕ್ಕದಲ್ಲೇ ಆಗಿತ್ತು. ಬ್ರೇಕ್ ಹಿಡಿಯಲು ಹೊತ್ತು ಸಾಲಲಿಲ್ಲ. ಪುಣ್ಯಕ್ಕೆ ರೈಲಿನಲ್ಲಿದ್ದವರು ಯಾರೂ ಸಾಯಲಿಲ್ಲ.

ದೂರದ ಊರಿಗೆ ಹೇಗೂ ಅಪಾಯ ಕಮ್ಮಿ, ಎಚ್ಚರಿಕೆ ಯಾಕೆ ಅಂತ ಕೇಳಬಹುದು. ಮೆಕ್ಸಿಕೋ ನಗರವನ್ನು ಕೇಳಿ. 1985ರ ಸೆಪ್ಟೆಂಬರ್ 19ರ ಭೂಕಂಪ ಆಗಿದ್ದು ಅಲ್ಲಿಂದ ಮುನ್ನೂರೈವತ್ತು ಕಿಲೋಮೀಟರಿಗೂ ಆಚೆ, ಸಮುದ್ರದ ದಂಡೆಯಲ್ಲಿ. ಆದರೂ ನಗರದಲ್ಲಿ ಸಾವಿರಾರು ಜನ ಸತ್ತರು. ಊರಿನ ದೊಡ್ಡ ಭಾಗ ನಿಂತಿರುವುದು ಹಳೇ ಕೆರೆಯ ಮೆತ್ತನೆ ಮಣ್ಣಿನ ಮೇಲೆ. ಅದು ದೂರದ ಅಲೆಯನ್ನೂ ಹಿಗ್ಗಿಸಿಬಿಡುತ್ತದೆ. ದೂರ ಇದ್ದಿದ್ದರಿಂದ ಒಂದು ಲಾಭವೂ ಇತ್ತು, ಹೊತ್ತು. ಆ ಪಾಠದಿಂದಲೇ ಅವರು ಕರಾವಳಿಯುದ್ದಕ್ಕೂ ಸೆನ್ಸರ್ ಹಾಕಿ 1991ರಲ್ಲಿ ಎಚ್ಚರಿಕೆ ವ್ಯವಸ್ಥೆ ಶುರು ಮಾಡಿದರು.

2017ರ ಸೆಪ್ಟೆಂಬರಿನಲ್ಲಿ ಹನ್ನೆರಡು ದಿನಗಳ ಅಂತರದಲ್ಲಿ ಅದಕ್ಕೆ ಎರಡು ಪರೀಕ್ಷೆ ಬಂದವು. 7ನೇ ತಾರೀಖಿನ ರಾತ್ರಿ ದಕ್ಷಿಣದ ಚಿಯಾಪಾಸ್ ರಾಜ್ಯದ ಕರಾವಳಿಯಲ್ಲಿ 8.2 ಪ್ರಮಾಣದ ಭೂಕಂಪ. ಸುಮಾರು 700 ಕಿಲೋಮೀಟರ್ ದೂರ. ನಗರದವರಿಗೆ ಒಂದು ನಿಮಿಷಕ್ಕೂ ಜಾಸ್ತಿ ಹೊತ್ತು ಸಿಕ್ಕಿತು. ಜನ ಮೆಟ್ಟಿಲಿಳಿದು ಬೀದಿಗೆ ಬಂದು ನಿಂತ ಮೇಲೆ ನಡುಕ ಬಂತು. 19ರಂದು, 1985ರ ನೆನಪಿನ ದಿನ, ಬೆಳಗ್ಗೆ ಊರಿಗೆ ಊರೇ ಅಣಕು ಕವಾಯತು ಮಾಡಿತ್ತು. ಎರಡು ಗಂಟೆ ಕಳೆದ ಮೇಲೆ ನಿಜವಾದ ಭೂಕಂಪವೇ ಆಯಿತು, 7.1ರದ್ದು, ಬರೀ 120 ಕಿಲೋಮೀಟರ್ ದೂರದಲ್ಲಿ. ಊರಿನ ಬಹಳ ಕಡೆ ಸೈರನ್ನೂ ನಡುಕವೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ಅದೇ ಊರು, ಅದೇ ಸೈರನ್, ದೂರ ಮಾತ್ರ ಬೇರೆ.

ಎಷ್ಟು ದೊಡ್ಡದು ಅಂತ ಹೇಳುವ ಕಷ್ಟ

ದೊಡ್ಡ ಭೂಕಂಪ ಅಂದರೆ ಒಂದೇ ಏಟಲ್ಲ. ಬಟ್ಟೆ ಹರಿದ ಹಾಗೆ ಭೂಮಿಯೊಳಗಿನ ಬಿರುಕು ಒಂದು ತುದಿಯಿಂದ ಹರಿಯುತ್ತಾ ಹೋಗುತ್ತದೆ. ಮೊದಲ ಮೂರು ಸೆಕೆಂಡು ನೋಡಿ ಇದು ಎಲ್ಲಿ ನಿಲ್ಲುತ್ತದೆ ಅಂತ ಹೇಳು ಅಂದರೆ ಸೆನ್ಸರ್ ಆದರೂ ಏನು ಮಾಡೀತು? ಅದಿನ್ನೂ ಹರಿಯುತ್ತಲೇ ಇದೆಯಲ್ಲ.

2011ರ ಮಾರ್ಚ್ 11ರಂದು ಜಪಾನಿನಲ್ಲಿ ಆಗಿದ್ದು ಇದೇ. ಮೊದಲ ಸೆನ್ಸರ್ ಪಿ ಅಲೆ ಹಿಡಿದು 8.6 ಸೆಕೆಂಡಿಗೆ ಸಾರ್ವಜನಿಕ ಎಚ್ಚರಿಕೆ ಹೋಯಿತು. ಅದು ಅದ್ಭುತ ಕೆಲಸವೇ. ಆಗಿನ ಅಂದಾಜು 7.2. ಆಮೇಲೆ ಏರಿಸುತ್ತಾ ಹೋಗಿ 8.1ಕ್ಕೆ ನಿಂತಿತು. ನಿಜವಾಗಿ ಆಗಿದ್ದು 9.0. ಅಂಕಿಯಲ್ಲಿ ಒಂದಕ್ಕೂ ಕಮ್ಮಿ ವ್ಯತ್ಯಾಸ ಅನ್ನಿಸುತ್ತದೆ, ಆದರೆ ಬಿಡುಗಡೆಯಾದ ಶಕ್ತಿಯ ಲೆಕ್ಕದಲ್ಲಿ ಇಪ್ಪತ್ತು ಪಟ್ಟಿಗೂ ಜಾಸ್ತಿ. ಹಾಗಾಗಿ ಟೋಕಿಯೋ ಕಡೆ ಇಷ್ಟು ಜೋರಾಗಿ ಅಲುಗುತ್ತದೆ ಅನ್ನುವ ಎಚ್ಚರಿಕೆ ಸರಿಯಾಗಿ ಹೋಗಲೇ ಇಲ್ಲ.

ತಿರುಗಾ ಮುರುಗಾ ಕೂಡ ಆಗುತ್ತದೆ. 2013ರ ಆಗಸ್ಟ್ 8ರಂದು ಅದೇ ಜಪಾನಿನಲ್ಲಿ ನಾರಾ, ಒಸಾಕಾ ಕಡೆ 7.8ರ ಭೂಕಂಪ ಅಂತ ಎಚ್ಚರಿಕೆ ಬಂತು. ರೈಲುಗಳು ನಿಂತವು. ನಿಜವಾಗಿ ಆಗಿದ್ದು 2.3ರ ಪುಟಾಣಿ ಕಂಪನ. ಅದೇ ಹೊತ್ತಿಗೆ ಸಮುದ್ರದ ತಳದ ಒಂದು ಸೆನ್ಸರಿನಲ್ಲಿ ಬಂದ ಗದ್ದಲವನ್ನು ಕಂಪ್ಯೂಟರ್ ಇದಕ್ಕೆ ಜೋಡಿಸಿಬಿಟ್ಟಿತ್ತು. 2018ರ ಜನವರಿ 5ರಂದು ದೂರದೂರದ ಎರಡು ಸಣ್ಣ ಭೂಕಂಪಗಳನ್ನು ಒಂದೇ ದೊಡ್ಡದು ಅಂದುಕೊಂಡು ಮತ್ತೆ ಸೈರನ್ ಹೊಡೆಯಿತು.

ಅವರು ಕಂಡುಕೊಂಡ ಒಂದು ದಾರಿ ನನಗೆ ಬಹಳ ಇಷ್ಟ. 2018ರ ಮಾರ್ಚಿನಿಂದ ಹಳೇ ಲೆಕ್ಕದ ಜೊತೆಗೆ ಇನ್ನೊಂದನ್ನು ಸೇರಿಸಿದರು. ಭೂಕಂಪ ಎಲ್ಲಿ ಶುರುವಾಯಿತು, ಎಷ್ಟು ದೊಡ್ಡದು ಅನ್ನುವ ಜಿಜ್ಞಾಸೆಯೇ ಬೇಡ. ನಿಮ್ಮ ಸುತ್ತಮುತ್ತಲ ಸೆನ್ಸರುಗಳು ಈಗ ಜೋರಾಗಿ ಅಲುಗುತ್ತಿವೆಯಾ? ಹಾಗಾದರೆ ನೀವೂ ಅಲುಗುತ್ತೀರಿ, ಎಚ್ಚರ. ಪಕ್ಕದ ಮನೆಯ ಪಾತ್ರೆ ಬಿದ್ದ ಸದ್ದು ಕೇಳಿ ನಮ್ಮ ಮನೆಯ ಪಾತ್ರೆ ಹಿಡಿದುಕೊಂಡ ಹಾಗೆ. ಹೊತ್ತು ಕಮ್ಮಿ ಸಿಗುತ್ತದೆ, ತಪ್ಪೂ ಕಮ್ಮಿ.

ಫೋನುಗಳ ವಿಷಯ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಪರದೆ ತಿರುಗಿಸಲು ಫೋನಿನಲ್ಲಿರುವ ಆಕ್ಸಿಲರೋಮೀಟರ್ ಭೂಕಂಪವನ್ನೂ ಹಿಡಿಯಬಲ್ಲದು. ಒಂದು ಫೋನ್ ಅಲುಗಿದರೆ ಅದು ಜೇಬಿನ ಕಥೆ, ಒಂದು ಊರಿನಲ್ಲಿ ಸುಮ್ನೆ ಮೇಜಿನ ಮೇಲಿದ್ದ ಸಾವಿರ ಫೋನ್ ಒಟ್ಟಿಗೆ ಅಲುಗಿದರೆ ಅದು ನೆಲದ ಕಥೆ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಮೈಶೇಕ್ ಅನ್ನುವ ಆ್ಯಪ್ 2016ರಿಂದ, ಗೂಗಲ್ 2020ರಿಂದ ಈ ಕೆಲಸ ಮಾಡುತ್ತಿವೆ. ಸೆನ್ಸರ್ ಜಾಲ ಕಟ್ಟಲು ಹಣವಿಲ್ಲದ ಕಡೆ ಇದು ದೊಡ್ಡ ಉಪಕಾರ. ಆದರೆ ದೊಡ್ಡ ಭೂಕಂಪವನ್ನು ಚಿಕ್ಕದು ಅಂದುಕೊಳ್ಳುವ ರೋಗ ಇದಕ್ಕೂ ಇದೆ.

ಹತ್ತು ಸೆಕೆಂಡು ಯಂತ್ರಕ್ಕೆ ಕೊಡಿ

ಆಟದಲ್ಲಿ ನೋಡಿದಿರಲ್ಲ, ಹತ್ತು ಸೆಕೆಂಡಿನಲ್ಲಿ ಮನುಷ್ಯ ಮಾಡಬಹುದಾದ ಬುದ್ಧಿವಂತ ಕೆಲಸ ಒಂದೇ. ಗಟ್ಟಿ ಮೇಜಿನ ಕೆಳಗೆ ಕೂತು, ತಲೆ ಮುಚ್ಚಿಕೊಂಡು, ಮೇಜಿನ ಕಾಲು ಹಿಡಿದುಕೊಳ್ಳುವುದು. ಯಂತ್ರಕ್ಕೆ ಹತ್ತು ಸೆಕೆಂಡು ಅಂದರೆ ಬೇಕಾದಷ್ಟು. ಅದು ಗಾಬರಿ ಬೀಳುವುದಿಲ್ಲ, ಚಪ್ಪಲಿ ಹುಡುಕುವುದಿಲ್ಲ.

ಲಿಫ್ಟನ್ನೇ ತೆಗೆದುಕೊಳ್ಳಿ. ಜಪಾನಿನ ಲಿಫ್ಟುಗಳಲ್ಲಿ ಪಿ ಅಲೆ ಹಿಡಿಯುವ ಸೆನ್ಸರ್ ಇರುತ್ತದೆ. ಅಲೆ ಬಂದ ಕೂಡಲೇ ಹತ್ತಿರದ ಮಹಡಿಗೆ ಹೋಗಿ ನಿಂತು ಬಾಗಿಲು ತೆರೆದುಬಿಡುತ್ತದೆ. ಜನ ಎರಡು ಮಹಡಿಗಳ ನಡುವೆ ಸಿಕ್ಕಿಹಾಕಿಕೊಳ್ಳುವುದು ತಪ್ಪುತ್ತದೆ. ಅಮೆರಿಕದ ಪಶ್ಚಿಮ ಕರಾವಳಿಯ ಶೇಕ್‌ಅಲರ್ಟ್ ವ್ಯವಸ್ಥೆಗೆ ಕೆಲವು ಅಗ್ನಿಶಾಮಕ ಠಾಣೆಗಳ ಬಾಗಿಲುಗಳನ್ನೇ ಜೋಡಿಸಿದ್ದಾರೆ. ಯಾಕೆ ಗೊತ್ತಾ? ನಡುಕಕ್ಕೆ ಚೌಕಟ್ಟು ಸೊಟ್ಟಗಾಗಿ ಬಾಗಿಲು ಕಚ್ಚಿಕೊಂಡರೆ ಬೆಂಕಿ ಆರಿಸುವ ಗಾಡಿ ಒಳಗೇ ಬಂದಿ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬಾರ್ಟ್ ರೈಲುಗಳು 2012ರಿಂದಲೇ ಎಚ್ಚರಿಕೆ ಬಂದರೆ ತಾವಾಗಿ ವೇಗ ಇಳಿಸುತ್ತವೆ.

ಆದ್ದರಿಂದ ಕಟ್ಟಡಕ್ಕೆ ಸೆನ್ಸರ್ ಹಾಕಿಸಬೇಕು ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು "ಇದರ ತಂತಿ ಎಲ್ಲಿಗೆ ಹೋಗುತ್ತದೆ?" ಅಂತ. ಬರೀ ಸೈರನ್ನಿಗೆ ಅಂದರೆ ಅರ್ಧ ದುಡ್ಡು ನೀರಿಗೆ ಹಾಕಿದಂತೆ. ಲಿಫ್ಟಿಗೆ, ಗ್ಯಾಸ್ ವಾಲ್ವಿಗೆ, ಬಾಗಿಲಿಗೆ ಹೋದರೆ ಸರಿ.

ನಾನು ನೋಡಿದ ಒಂದು ಕಟ್ಟಡದಲ್ಲಿ ಸೆನ್ಸರನ್ನು ನೆಲಮಾಳಿಗೆಯ ತೆಳು ಇಟ್ಟಿಗೆ ಗೋಡೆಗೆ ಬಿಗಿದಿದ್ದರು, ಗೋಡೆಯಾಚೆ ಡೀಸೆಲ್ ಜನರೇಟರ್. ವಾರಕ್ಕೊಮ್ಮೆ ಜನರೇಟರ್ ಪರೀಕ್ಷೆ ಮಾಡಿದಾಗೆಲ್ಲ ಸೈರನ್ ಹೊಡೆಯುತ್ತಿತ್ತು. ಮೂರ್ನಾಲ್ಕು ವಾರ ಜನ ಹೊರಗೆ ಓಡಿದರು. ಆಮೇಲೆ ಓಡುವುದು ಬಿಟ್ಟರು. ಕೊನೆಗೆ ಕಾವಲಿನವರು ಸೈರನ್ನಿನ ತಂತಿಯನ್ನೇ ಕಿತ್ತು ಟೇಪ್ ಸುತ್ತಿಟ್ಟಿದ್ದರು. ನಾನು ಹೋಗಿ ನೋಡುವಾಗ ಸೆನ್ಸರಿನ ಹಸಿರು ದೀಪ ಚೆನ್ನಾಗಿ ಉರಿಯುತ್ತಿತ್ತು, ತಿಂಗಳ ವರದಿಯಲ್ಲಿ "ವ್ಯವಸ್ಥೆ ಸರಿಯಾಗಿದೆ" ಅಂತಲೂ ಇತ್ತು. ಕಾವಲಿನವರ ಮೇಲೆ ನನಗೇನೂ ಸಿಟ್ಟಿಲ್ಲ. ಅವರು ಮಾಡಿದ್ದೇ ಸರಿ. ತಪ್ಪು ಗೋಡೆಯ ಆಯ್ಕೆಯಲ್ಲಿತ್ತು. ಅಡಿಪಾಯಕ್ಕೆ ಅಂಟಿಕೊಂಡ ಕಾಂಕ್ರೀಟಿಗೆ, ಕಂಬದ ಬುಡಕ್ಕೆ ಬಿಗಿಯಬೇಕಿತ್ತು. ಒಂದರ ಬದಲು ದೂರದೂರ ಎರಡು ಹಾಕಿ, ಎರಡೂ ಒಟ್ಟಿಗೆ ಹೌದು ಅಂದರೆ ಮಾತ್ರ ಸೈರನ್ ಅಂತ ಇಟ್ಟಿದ್ದರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತಿತ್ತು.

ಕಟ್ಟಡದ ನಾಡಿ

ಈಗ ನನ್ನ ಇಷ್ಟದ ಭಾಗಕ್ಕೆ ಬಂದೆ.

ಪ್ರತಿ ಕಟ್ಟಡಕ್ಕೂ ತನ್ನದೇ ತೂಗಾಟ ಇದೆ. ಉಯ್ಯಾಲೆಯನ್ನು ಒಮ್ಮೆ ತಳ್ಳಿ ಬಿಟ್ಟರೆ ಅದು ತನ್ನ ಲಯದಲ್ಲೇ ಆಡುತ್ತದಲ್ಲ, ಹಾಗೆ. ಒಂದು ಕಚ್ಚಾ ಲೆಕ್ಕ ಇದೆ: ಮಹಡಿಗೆ ಸೆಕೆಂಡಿನ ಹತ್ತನೇ ಒಂದು ಪಾಲು. ಹತ್ತು ಮಹಡಿಯ ಕಟ್ಟಡ ಒಂದು ಸಲ ಹೋಗಿ ಬರಲು ಸುಮಾರು ಒಂದು ಸೆಕೆಂಡು ತೆಗೆದುಕೊಳ್ಳುತ್ತದೆ, ಅದೇ ಅದರ ಲಯ. ಈ ತೂಗಾಟಕ್ಕೆ ಭೂಕಂಪವೇ ಬೇಕಿಲ್ಲ. ಗಾಳಿ ಬೀಸಿದರೆ ಸಾಕು, ರಸ್ತೆಯಲ್ಲಿ ಲಾರಿ ಹೋದರೆ ಸಾಕು, ಕೂದಲೆಳೆಗಿಂತ ಕಮ್ಮಿ ಅಲುಗುತ್ತದೆ. ನಮಗೆ ಗೊತ್ತಾಗುವುದಿಲ್ಲ, ಒಳ್ಳೆ ಸೆನ್ಸರಿಗೆ ಗೊತ್ತಾಗುತ್ತದೆ.

ನೆಲದ ಲಯವೂ ಕಟ್ಟಡದ ಲಯವೂ ಒಂದೇ ಆದರೆ ಕಷ್ಟ. 2011ರ ಅದೇ ಭೂಕಂಪದಲ್ಲಿ ಒಸಾಕಾದ 55 ಮಹಡಿಯ, 256 ಮೀಟರ್ ಎತ್ತರದ ಸಕಿಶಿಮಾ ಕಟ್ಟಡ ಸುಮಾರು ಹತ್ತು ನಿಮಿಷ ತೂಗಾಡಿತು. ಮೇಲಿನ ಮಹಡಿ ಈ ಕಡೆಯಿಂದ ಆ ಕಡೆಗೆ ಒಟ್ಟು 2.7 ಮೀಟರ್ ಹೋಗಿಬಂತು. ಭೂಕಂಪದ ಕೇಂದ್ರ 770 ಕಿಲೋಮೀಟರ್ ದೂರ! ಕೆಳಗೆ ಬೀದಿಯಲ್ಲಿದ್ದವರಿಗೆ ಅಂಥ ದೊಡ್ಡದೇನೂ ಅನ್ನಿಸಿರಲಿಲ್ಲ. ಆ ಕಟ್ಟಡದ ಲಯ ಆರೇಳು ಸೆಕೆಂಡು, ಅಲ್ಲಿಗೆ ಬಂದ ನಿಧಾನದ ಅಲೆಗಳ ಲಯವೂ ಅಷ್ಟೇ. ಹಾಗಾಗಿ ನೆಲದ ಮಟ್ಟದ ಸೆನ್ಸರನ್ನಷ್ಟೇ ನಂಬಿದರೆ ಐವತ್ತನೇ ಮಹಡಿಯವರ ಪಾಡು ತಿಳಿಯುವುದಿಲ್ಲ. 2023ರ ಫೆಬ್ರವರಿಯಿಂದ ಜಪಾನಿನ ಎಚ್ಚರಿಕೆಯಲ್ಲಿ ಈ ನಿಧಾನದ ಅಲೆಗಳ ಲೆಕ್ಕವೂ ಸೇರಿದೆ.

ಮತ್ತೆ 1985ರ ಮೆಕ್ಸಿಕೋಗೆ ಬನ್ನಿ. ಅಲ್ಲಿನ ಕೆರೆ ಮಣ್ಣಿನ ಲಯ ಸುಮಾರು ಎರಡು ಸೆಕೆಂಡು. ನಮ್ಮ ಕಚ್ಚಾ ಲೆಕ್ಕದಲ್ಲಿ ಇಪ್ಪತ್ತು ಮಹಡಿಯವು ಬೀಳಬೇಕಿತ್ತು. ಆದರೆ ಜಾಸ್ತಿ ಪೆಟ್ಟು ತಿಂದವುಗಳಲ್ಲಿ ಎಂಟು, ಹತ್ತು, ಹನ್ನೆರಡು ಮಹಡಿಯವೇ ಬಹಳ. ಯಾಕೆ? ಅಲುಗಾಡುತ್ತಾ ಅಲುಗಾಡುತ್ತಾ ಕಾಂಕ್ರೀಟು ಬಿರುಕು ಬಿಟ್ಟಿತು, ಕಟ್ಟಡ ಸಡಿಲವಾಯಿತು, ಸಡಿಲವಾದ ಕಟ್ಟಡದ ಲಯ ನಿಧಾನವಾಯಿತು. ಒಂದು ಸೆಕೆಂಡು ಇದ್ದದ್ದು ಹಿಗ್ಗುತ್ತಾ ಎರಡರ ಕಡೆ ನಡೆಯಿತು. ಅಂದರೆ ಕಟ್ಟಡ ತಾನಾಗಿಯೇ ಹೋಗಿ ನೆಲದ ಲಯದ ಬಾಯಿಗೆ ಬಿತ್ತು.

ಈ ದಾರುಣ ಸಂಗತಿಯಲ್ಲೇ ನಮಗೆ ಬೇಕಾದ ಸುಳಿವಿದೆ. ಕಟ್ಟಡ ಒಳಗೆ ಪೆಟ್ಟು ತಿಂದರೆ ಅದರ ತೂಗಾಟ ನಿಧಾನವಾಗುತ್ತದೆ. ಭೂಕಂಪಕ್ಕೆ ಮೊದಲು ಒಂದು ಸೆಕೆಂಡು, ಆಮೇಲೆ 1.3 ಸೆಕೆಂಡು ಅಂತಾದರೆ, ಹೊರಗಿನ ಗಾರೆ ಎಷ್ಟೇ ನುಣುಪಾಗಿರಲಿ, ಒಳಗೆ ಏನೋ ಬಿಟ್ಟುಕೊಂಡಿದೆ ಅಂತ ಅನುಮಾನಿಸಬೇಕು.

ಹೊರಗಿನ ನೋಟ ಹೇಗೆ ಮೋಸ ಮಾಡುತ್ತದೆ ಅನ್ನುವುದಕ್ಕೆ 1994ರ ನಾರ್ತ್‌ರಿಡ್ಜ್ ಭೂಕಂಪ ಸಾಕ್ಷಿ. ಲಾಸ್ ಏಂಜಲಿಸ್ ಸುತ್ತಮುತ್ತ ಉಕ್ಕಿನ ಚೌಕಟ್ಟಿನ ಕಟ್ಟಡಗಳು ನೆಟ್ಟಗೆ ನಿಂತಿದ್ದವು. ಗೆದ್ದೆವು ಅಂದುಕೊಂಡರು. ಆಮೇಲೆ ಒಂದೊಂದೇ ಕಡೆ ಹೊದಿಕೆ ಬಿಚ್ಚಿ ನೋಡಿದರೆ ಕಂಬ ಮತ್ತು ತೊಲೆ ಸೇರುವ ಕಡೆ ವೆಲ್ಡಿಂಗ್ ಸೀಳಿತ್ತು. ಹೀಗೆ ನೂರಕ್ಕೂ ಜಾಸ್ತಿ ಕಟ್ಟಡಗಳು ಸಿಕ್ಕವು.

ಇನ್ನೊಂದು, ಕ್ಯಾಲಿಫೋರ್ನಿಯಾದ ಎಲ್ ಸೆಂಟ್ರೋ ಊರಿನ ಆರು ಮಹಡಿಯ ಸರ್ಕಾರಿ ಕಟ್ಟಡ. ಅದರಲ್ಲಿ ಮೊದಲೇ ಸೆನ್ಸರುಗಳಿದ್ದವು. 1979ರ ಅಕ್ಟೋಬರಿನ ಭೂಕಂಪದಲ್ಲಿ ನೆಲಮಹಡಿಯ ಪೂರ್ವ ತುದಿಯ ಕಂಬಗಳು ಪುಡಿಯಾದವು, ಕಟ್ಟಡ ಮಾತ್ರ ಬೀಳಲಿಲ್ಲ. ಕಂಬ ಮುರಿಯುವಾಗ ಕಟ್ಟಡ ಹೇಗೆ ನಡುಗಿತು ಅನ್ನುವುದು ಪೂರ್ತಿ ದಾಖಲಾಗಿ ಉಳಿಯಿತು. ಆಮೇಲೆ ಆ ಕಟ್ಟಡವನ್ನು ಕೆಡವಿದರು, ದಾಖಲೆಯನ್ನು ಎಂಜಿನಿಯರುಗಳು ಇವತ್ತಿಗೂ ಓದುತ್ತಾರೆ.

ಇಷ್ಟಾದ ಮೇಲೆ ಸುಲಭ ಅನ್ನಿಸಬಹುದು. ಲಯ ಅಳೆ, ಹೋಲಿಸು, ಹೇಳು. ಅಲ್ಲೇ ಇರುವುದು ತೊಡಕು. ಕ್ಯಾಲಿಫೋರ್ನಿಯಾದ ಕ್ಯಾಲ್ಟೆಕ್ ವಿಜ್ಞಾನ ಸಂಸ್ಥೆಯ ಒಂಬತ್ತು ಮಹಡಿಯ ಮಿಲಿಕನ್ ಲೈಬ್ರರಿ ಅನ್ನುವ ಕಟ್ಟಡ, ಈಗ ಹೆಸರು ಬದಲಾಗಿದೆ, 1960ರ ದಶಕದ ಕೊನೆಯಿಂದ ಅಳತೆಗೆ ಒಳಗಾಗಿದೆ. ತಾರಸಿಯ ಮೇಲೆ ಕಟ್ಟಡವನ್ನೇ ಬೇಕೆಂದಾಗ ಅಲ್ಲಾಡಿಸುವ ಒಂದು ಯಂತ್ರವನ್ನೂ ಇಟ್ಟಿದ್ದಾರೆ. ಅಲ್ಲಿ ಕಂಡಿದ್ದು ಏನೆಂದರೆ ಈ ಲಯ ಸುಮ್ಮನಿರುವುದೇ ಇಲ್ಲ. ಜೋರು ಮಳೆ ಬಂದರೆ ಬದಲಾಗುತ್ತದೆ, ಬಿಸಿಲು ಏರಿದರೆ ಬದಲಾಗುತ್ತದೆ, ಗಾಳಿ ಬೀಸಿದರೂ ಬದಲಾಗುತ್ತದೆ. ಭೂಕಂಪದ ಹೊತ್ತಿನಲ್ಲಿ ನಿಧಾನವಾಗಿ, ಆಮೇಲೆ ಬಹುಪಾಲು ತಿರುಗಿ ಬರುತ್ತದೆ, ಪೂರ್ತಿ ಅಲ್ಲ. ಕಟ್ಟಿದಾಗಿನಿಂದ ದಶಕಗಳಲ್ಲಿ ಪೂರ್ವ-ಪಶ್ಚಿಮ ದಿಕ್ಕಿನ ಕಂಪನದ ಸಂಖ್ಯೆ, ಅಂದರೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಅನ್ನುವುದು, ಶೇ. 22ರಷ್ಟು ಇಳಿದಿತ್ತು. ಕಟ್ಟಡ ಎಷ್ಟು ಬಿಗಿಯಾಗಿದೆ ಅನ್ನುವ ಲೆಕ್ಕಕ್ಕೆ ತಂದರೆ ಸುಮಾರು ಶೇ. 40ರಷ್ಟು ಕಮ್ಮಿ. ಅಷ್ಟಾದರೂ ಕಟ್ಟಡ ಬಳಕೆಯಲ್ಲೇ ಇತ್ತು.

ಅಂದರೆ ಲಯ ಬದಲಾದದ್ದೆಲ್ಲ ಅಪಾಯ ಅಲ್ಲ. ನಿಮ್ಮ ಕಟ್ಟಡಕ್ಕೆ ಯಾವುದು ಮಾಮೂಲಿ ಅಂತ ಗೊತ್ತಿದ್ದರೆ ಮಾತ್ರ ಯಾವುದು ಮಾಮೂಲಿ ಅಲ್ಲ ಅಂತ ಹೇಳಬಹುದು. ಅದಕ್ಕೇ ನಾನು ಹೇಳುತ್ತಿದ್ದದ್ದು, ಈ ಸೆನ್ಸರುಗಳ ಅಸಲು ದುಡಿಮೆ ಭೂಕಂಪ ಇಲ್ಲದ ಸಾವಿರಾರು ದಿನಗಳಲ್ಲಿ. ಭೂಕಂಪದ ಮಾರನೇ ದಿನ ಓಡಿಹೋಗಿ ಸೆನ್ಸರ್ ಹಾಕಿಸಿದರೆ ಒಂದು ಅಂಕಿ ಸಿಗುತ್ತದೆ. ಅದನ್ನು ಹೋಲಿಸಲು ಏನೂ ಇರುವುದಿಲ್ಲ.

ಇನ್ನೊಂದು ಅಳತೆ ಎಂಜಿನಿಯರುಗಳಿಗೆ ಇದಕ್ಕಿಂತ ಪ್ರಿಯ. ಅಲುಗಾಟದ ಹೊತ್ತಿನಲ್ಲಿ ಒಂದು ಮಹಡಿ ತನ್ನ ಕೆಳಗಿನ ಮಹಡಿಗಿಂತ ಎಷ್ಟು ಪಕ್ಕಕ್ಕೆ ಸರಿಯಿತು? ಮೂರು ಮೀಟರ್ ಎತ್ತರದ ಮಹಡಿ ಮೂರು ಸೆಂಟಿಮೀಟರ್ ಸರಿದರೆ ಶೇ. 1. ಕಂಬಗಳಿಗೆ ಎಷ್ಟು ನೋವಾಯಿತು ಅನ್ನುವುದು ಇದರಿಂದ ಚೆನ್ನಾಗಿ ತಿಳಿಯುತ್ತದೆ. ಆದರೆ ನಮ್ಮ ಸೆನ್ಸರ್, ಅಂದರೆ ಆಕ್ಸಿಲರೋಮೀಟರ್, ಸರಿದ ದೂರ ಅಳೆಯುವುದಿಲ್ಲ, ವೇಗ ಬದಲಾದ ಪರಿಯನ್ನು ಅಳೆಯುತ್ತದೆ. ಅದನ್ನು ಕೂಡಿಸಿ ವೇಗ, ವೇಗವನ್ನು ಕೂಡಿಸಿ ದೂರ. ಸೆನ್ಸರಿನಲ್ಲಿ ಗುರುತ್ವದ ಸಾವಿರದಲ್ಲೊಂದು ಪಾಲು ತಪ್ಪಿದ್ದರೆ ಮೂವತ್ತು ಸೆಕೆಂಡಿನ ಹೊತ್ತಿಗೆ ಆ ಲೆಕ್ಕದಲ್ಲಿ ಸುಮಾರು ನಾಲ್ಕೂವರೆ ಮೀಟರ್ ತಪ್ಪು ಬಂದಿರುತ್ತದೆ! ಮೂರು ಸೆಂಟಿಮೀಟರ್ ಹುಡುಕಲು ಹೊರಟವರಿಗೆ ನಾಲ್ಕೂವರೆ ಮೀಟರ್ ಸುಳ್ಳು. ಇದನ್ನು ಸೋಸಿ ತೆಗೆಯುವ ಲೆಕ್ಕಗಳಿವೆ. ಆದರೆ ಸೋಸುವಾಗ ಕಟ್ಟಡ ನಿಜವಾಗಿಯೂ ವಾಲಿಕೊಂಡು ನಿಂತಿದ್ದರೆ ಅದೂ ಸೋಸಿಹೋಗುತ್ತದೆ. ಹಾಗಾಗಿ ವಾಲಿದ್ದನ್ನು ಹಿಡಿಯಲು ಬೇರೆ ಸಾಧನವೇ ಬೇಕು.

ಗಡಿಯಾರದ ವಿಷಯವನ್ನೂ ಮರೆಯಬಾರದು. ಮೇಲಿನ ಸೆನ್ಸರಿನ ಗಡಿಯಾರಕ್ಕೂ ಕೆಳಗಿನದಕ್ಕೂ ಸೆಕೆಂಡಿನ ಹತ್ತನೇ ಒಂದು ಪಾಲು ವ್ಯತ್ಯಾಸ ಇದ್ದರೂ ಹತ್ತು ಮಹಡಿಯ ಕಟ್ಟಡದ ಲೆಕ್ಕ ಕೆಡುತ್ತದೆ. ಎರಡೂ ಮಹಡಿ ಒಟ್ಟಿಗೆ ಬಲಕ್ಕೆ ಹೋಗಿದ್ದರೂ ಒಂದು ಬಲಕ್ಕೆ, ಒಂದು ಎಡಕ್ಕೆ ಹೋದ ಹಾಗೆ ಕಾಣಬಹುದು. ಜಿಪಿಎಸ್‌ನಿಂದ ಹೊತ್ತು ತಿಳಿಯಬಹುದು, ಆದರೆ ನೆಲಮಾಳಿಗೆಗೆ ಜಿಪಿಎಸ್ ಬರುವುದಿಲ್ಲ. ಎಲ್ಲ ಸೆನ್ಸರಿನ ತಂತಿಯನ್ನೂ ಒಂದೇ ಪೆಟ್ಟಿಗೆಗೆ ತಂದು ಒಂದೇ ಗಡಿಯಾರ ಕೊಡುವ ಹಳೇ ಪದ್ಧತಿಯೇ ನನಗೆ ಇವತ್ತಿಗೂ ನೆಮ್ಮದಿ. ತಂತಿ ಎಳೆಯುವುದು ರಗಳೆ, ನಿಜ.

ಕೊನೆಗೆ ಕೇಳಿದ ಪ್ರಶ್ನೆಗಳು

ಒಬ್ಬರು ಕೇಳಿದರು: ಸೆನ್ಸರ್ ಹಸಿರು ತೋರಿಸಿದರೆ ಒಳಗೆ ಹೋಗಬಹುದಾ ಸಾರ್?

ಅದನ್ನು ಸೆನ್ಸರಿಗೆ ಬಿಡಬೇಡಿ. ಅದರಿಂದ ಆಗುವುದು ಸರದಿ ಗೊತ್ತು ಮಾಡುವ ಕೆಲಸ. ನೂರು ಕಟ್ಟಡದಲ್ಲಿ ಯಾವುದನ್ನು ಮೊದಲು ನೋಡಬೇಕು, ಅದರಲ್ಲಿ ಯಾವ ಮಹಡಿಯ ಹೊದಿಕೆ ಬಿಚ್ಚಬೇಕು ಅಂತ ಅದು ಎಂಜಿನಿಯರಿಗೆ ಹೇಳುತ್ತದೆ. ಅಷ್ಟೂ ದೊಡ್ಡ ಸಹಾಯವೇ. ಭೂಕಂಪದ ಮಾರನೇ ದಿನ ಎಲ್ಲಕ್ಕಿಂತ ಕೊರತೆ ಇರುವುದು ಎಂಜಿನಿಯರ ಸಮಯಕ್ಕೆ. ಮತ್ತೆ, ಹಿಂದೆಯೇ ಬರುವ ಮರುಕಂಪನಗಳನ್ನೂ ಅದು ಬರೆದುಕೊಳ್ಳುತ್ತಿರುತ್ತದೆ. ಒಂದೊಂದು ಮರುಕಂಪನಕ್ಕೂ ಲಯ ಇನ್ನಷ್ಟು ನಿಧಾನವಾಗುತ್ತಿದ್ದರೆ ಆ ಕಟ್ಟಡದ ಹತ್ತಿರವೂ ಹೋಗಬಾರದು.

ಇನ್ನೊಬ್ಬರದು ದುಡ್ಡಿನ ಪ್ರಶ್ನೆ: ಒಂದೇ ಸೆನ್ಸರಿಗೆ ಹಣ ಇದೆ. ಎಲ್ಲಿ ಹಾಕೋಣ?

ಲಿಫ್ಟ್ ನಿಲ್ಲಿಸುವುದಕ್ಕಾದರೆ ಕೆಳಗೆ, ಕಂಬದ ಬುಡದಲ್ಲಿ. ಕಟ್ಟಡದ ನಾಡಿ ನೋಡುವುದಕ್ಕಾದರೆ ಮೇಲೆ, ತಾರಸಿಯ ಹತ್ತಿರ, ತೂಗಾಟ ಜಾಸ್ತಿ ಇರುವ ಕಡೆ. ಆದರೆ ನೀರಿನ ಪಂಪು, ಲಿಫ್ಟಿನ ಮೋಟಾರು ಇರುವ ಕೋಣೆಯಿಂದ ದೂರ ಇರಲಿ. ಒಂದರಿಂದ ಮಹಡಿಗಳ ನಡುವಿನ ಸರಿದಾಟ ಸಿಗುವುದಿಲ್ಲ, ಲಯ ಸಿಗುತ್ತದೆ.

ಕೊನೆಯ ಪ್ರಶ್ನೆ ಆಗಿಂದ ಕೈ ಎತ್ತಿಕೊಂಡೇ ಕೂತಿದ್ದ ಒಬ್ಬ ಹಿರಿಯರದು. "ನಮ್ಮ ಕಟ್ಟಡಕ್ಕೆ ಮೂವತ್ತು ವರ್ಷ ಆಯ್ತು. ಹೊಸದಿದ್ದಾಗ ಅದರ ಲಯ ಏನಿತ್ತು ಅಂತ ಯಾರೂ ಬರೆದಿಟ್ಟಿಲ್ಲ. ಈಗ ಹಾಕಿಸಿ ಏನು ಬಂತು?"

ಹುಟ್ಟಿದಾಗಿನ ಅಂಕಿ ಇದ್ದಿದ್ದರೆ ಚೆನ್ನಾಗಿತ್ತು, ಇಲ್ಲ, ಬಿಡಿ. ಮುಂದಿನ ಭೂಕಂಪದ ಮಾರನೇ ದಿನ ಹೋಲಿಸಬೇಕಾಗಿರುವುದು ಅದರ ಹಿಂದಿನ ದಿನದ ಅಂಕಿಯ ಜೊತೆ, ಮೂವತ್ತು ವರ್ಷದ ಹಿಂದಿನದರ ಜೊತೆ ಅಲ್ಲ. ಸೆನ್ಸರ್ ಹಾಕಿಸಿ ಒಂದು ಪೂರ್ತಿ ವರ್ಷ ಓಡಿಸಿ. ಒಂದು ಮಳೆಗಾಲ, ಒಂದು ಬೇಸಿಗೆ, ಜನ ತುಂಬಿದ ದಿನ, ಖಾಲಿ ಇದ್ದ ದಿನ, ಎಲ್ಲವೂ ಅದರಲ್ಲಿ ಸೇರಲಿ. ಒಳಗೆ ಗೋಡೆ ಒಡೆಸಿದರೆ, ತಾರಸಿಯ ಮೇಲೆ ಹೊಸ ಟ್ಯಾಂಕ್ ಇಟ್ಟರೆ ತಾರೀಖು ಸಮೇತ ಬರೆದಿಡಿ. ಇಲ್ಲದಿದ್ದರೆ ಟ್ಯಾಂಕಿನ ಭಾರಕ್ಕೆ ನಿಧಾನವಾದ ಲಯವನ್ನು ನೋಡಿ ಆಮೇಲೆ ಯಾರೋ ಕಂಬ ಬಿರುಕು ಬಿಟ್ಟಿದೆ ಅನ್ನುತ್ತಾರೆ. ಅಳತೆಯ ಒಂದು ಪ್ರತಿ ಆ ಕಟ್ಟಡದ ಹೊರಗೆ, ಬೇರೆ ಊರಿನಲ್ಲಿ ಇರಲಿ. ಬೇಕಾದ ದಿನ ನೀವು ಬೀದಿಯಲ್ಲಿ ನಿಂತಿರುತ್ತೀರಿ, ಕಂ‌ಪ್ಯೂಟರ್ ಒಳಗೆ ಇರುತ್ತದೆ.